ನುಣುಪಿನ ಭವಿಷ್ಯ

ಹೇಗೆ ಶುರು ಮಾಡುವುದು? ತಮಿಳು ಸೀಮೆಯ ಪಲ್ಲಾವರಂ ಸಂತೆಯಿಂದ ಶುರು ಮಾಡಿದ್ದರೆ ಬಣ್ಣ ಸಿಗುತ್ತಿತ್ತು. ಎರಡು ಪುಟ ಬರೆದೂ ಆಗಿತ್ತು. ಕಥಾನಾಯಕಿ ಸಂಹಿತಾಳಿಗೆ ಸಂತೆಯಲ್ಲಿ ಕೆಲಸವೇ ಇಲ್ಲವೆಂದು ಆಮೇಲೆ ಹೊಳೆಯಿತು, ಹರಿದುಹಾಕಲಾಯಿತು. ಅವಳಿರುವುದು ೨೦೦೧ರಲ್ಲಿ, ಅದೇ ಪಲ್ಲಾವರಂನ ಒಂದು ಕಾರ್ಖಾನೆಯಲ್ಲಿ, ಎಂಜಿನ್ನಿನ ಶಾಫ್ಟುಗಳನ್ನು ಉಜ್ಜಿ ನುಣುಪು ಮಾಡುವ ಗ್ರೈಂಡಿಂಗ್ ವಿಭಾಗದಲ್ಲಿ. (ಪುಟ ತಿರುಗಿಸಬೇಡಿ. ಪ್ರೇಮ ಇಲ್ಲ, ಜಗಳ ಇದೆ.)

೧. ಶಾಫ್ಟಿನ ಮೈ ಒರಟಾದರೆ ಎಂಜಿನ್ ಬೇಗ ಸವೆಯುತ್ತದೆ. ಉಜ್ಜುವ ಚಕ್ರದ ವೇಗ, ಆಳ ತಿಳಿಸಿದರೆ ಮೈ ಎಷ್ಟು ಒರಟಾದೀತೆಂದು ಮೊದಲೇ ಹೇಳುವ ಪ್ರೋಗ್ರಾಂ ಒಂದನ್ನು ಸಂಹಿತಾ ಬರೆದಳು. ಅದು ಹೇಳಿದ್ದು ಬಹುಮಟ್ಟಿಗೆ ನಿಜವಾಗುತ್ತಿತ್ತು. ಮ್ಯಾನೇಜರ್ ಗಂಗಾಧರ ಅವರು ಆಯುಧಪೂಜೆಯಲ್ಲಿ ಅವಳ ಮಾನಿಟರಿಗೆ ಕುಂಕುಮ ಇಡಿಸಿದರು. ಆಮೇಲೆ ಶಾಫ್ಟುಗಳನ್ನು ಅಳೆಯುವುದನ್ನೇ ನಿಲ್ಲಿಸಿದರು.

"ಭವಿಷ್ಯ ಗೊತ್ತಾದ್ಮೇಲೆ ಅಳೆಯೋದು ಯಾಕಮ್ಮ?"

"ಸಾರ್, ಈಗ ಬೇರೆ ಕಂಪನಿ ಚಕ್ರ ಬಂದಿದೆ. ಪ್ರೋಗ್ರಾಂಗೆ ಅದು ತೆರಿಯಾದು, ಗೊತ್ತೇ ಇಲ್ಲ. ಹಳೇದರ ಲೆಕ್ಕಾನೇ ಹೇಳತ್ತೆ."

"ಸ್ಕ್ರೀನಲ್ಲಿ ಓಕೆ ಅಂತಿದೆಯಲ್ಲ."

"ಅದಕ್ಕೇನ್ ನಾಚಿಕೆ ಸಾರ್, ಏನ್ ಕೊಟ್ರೂ ಓಕೆ ಅನ್ನತ್ತೆ."

೩. (ಎರಡನೆಯದರಲ್ಲಿ ಬರೀ ಗಣಿತವಿತ್ತು. ತೆಗೆದಿದೆ. ನಿಮ್ಮ ಪುಣ್ಯ.) ಅಜ್ಜಿ ಅಂಬುಜಮ್ಮ ಮನೆಯಲ್ಲಿ ಹೇಳಿದರು: "ನೀ ಹೇಳಿಯಾಯ್ತಲ್ಲ ಕಣ್ಣಾ, ಇನ್ನು ಅವನ ಪಾಡು. ಸುಮ್ಮಾ ಇರು."

ಅವಳಿಗೆ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆ, ಲಾರಿಗೆ ಏರಬೇಕಿದ್ದ ಶಾಫ್ಟುಗಳಲ್ಲಿ ಕೆಲವನ್ನು ತಾನೇ ಅಳೆದಳು. ಎಲ್ಲವೂ ಒರಟು. ಕೂತು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು. ಮಧ್ಯಾಹ್ನ ಮಾಲು ಕೊಳ್ಳುವವರನ್ನು ಕರೆತಂದ ಗಂಗಾಧರ ಅವರು ಹೆಮ್ಮೆಯಿಂದ ಗುಂಡಿ ಒತ್ತಿದರು. ಪರದೆಯ ಮೇಲೆ ಬಂತು: 'ಈ ಚಕ್ರ ನನಗೆ ಗೊತ್ತಿಲ್ಲ. ಅಳೆದು ನೋಡಿ.'

"ಗೊತ್ತಿಲ್ಲ ಅಂತ ಹೇಳಿಸೋದಕ್ಕೆ ಕಂಪ್ಯೂಟರ್ ಯಾಕಮ್ಮ?" ಎಂದರು ಗಂಗಾಧರ, ಹಲ್ಲು ಕಚ್ಚಿ. "ಅದಕ್ಕೆ ನಾನೇ ಇದ್ದೆನಲ್ಲ."

೪. ಅಂತ್ಯ, ಮೊದಲ ಮಾದರಿ: ಬಂದವರು ಚಪ್ಪಾಳೆ ತಟ್ಟಿದರು, ಅವಳಿಗೆ ಬಡ್ತಿ ಸಿಕ್ಕಿತು.

"ಯಾವ ಫ್ಯಾಕ್ಟರಿ ಅದು, ಕಥೆಗಾರರೇ?" ಎಂದಳು ಸಂಹಿತಾ. "ನಾನೂ ಅಪ್ಲೈ ಮಾಡ್ತೀನಿ."

ಎರಡನೆಯ ಮಾದರಿ: ಶಾಫ್ಟುಗಳು ಹೊರಟೇಹೋದವು, ಹೆದ್ದಾರಿಯಲ್ಲಿ ಎಂಜಿನ್ ಕೆಟ್ಟು ಅಪಘಾತವಾಯಿತು, ಗಂಗಾಧರ ಅತ್ತರು.

"ನನ್ನ ಮಾತು ನಿಜ ಅಂತ ತೋರಿಸೋಕೆ ಯಾರನ್ನೋ ಸಾಯಿಸ್ಬೇಕಾ?"

ಬೇಡ. ಆದದ್ದು ಇಷ್ಟು: ಲಾರಿ ಹೊರಡಲಿಲ್ಲ, ಅಳತೆ ಮತ್ತೆ ಶುರುವಾಯಿತು. ಗುಣಮಟ್ಟದ ಪ್ರಶಸ್ತಿ ಗಂಗಾಧರ ಅವರಿಗೆ ಬಂತು. ಸಂಹಿತಾಳನ್ನು ದೂರದ ಮಣಲಿಯ ಗೋಡೌನಿಗೆ ಹಾಕಿದರು. ನಿನ್ನೆ ಅವರದೇ ಫೋನು: "ಕೋಪ ಬಿಟ್ಟು ವಾಪಸ್ ಬಾಮ್ಮ. ನಿನ್ನ ಪ್ರೋಗ್ರಾಂ ಇಲ್ಲಿ ಯಾರಿಗೂ ಬಗೆಹರೀತಿಲ್ಲ."

"ಯೋಚಿಸ್ತೀನಿ ಸಾರ್" ಎಂದು ಫೋನು ಇಟ್ಟಳು.

ಹೋಗುತ್ತಾಳೋ ಇಲ್ಲವೋ, ಓದುಗರಿಗೆ ಏನಾದರೂ ಹೇಳಬೇಡವೇ? ಕೇಳಿದರೆ ಅವಳು ಗೋಡೌನಿನ ಬಾಗಿಲು ಎಳೆಯುತ್ತ ಅಂದಳು:

"ಮುಗಿಸೋ ಅವಸರ ನಿಮ್ದು. ನಂಗೆ ಸೋಮವಾರ ಕೆಲಸ ಇದೆ."