ಎಡಗೈಯ ಆಶೀರ್ವಾದ

ನನ್ನ ಹೊಟ್ಟೆಯಲ್ಲಿ ಒಂದು ದೀಪವಿದೆ, ಬೆನ್ನ ಹಿಂದೆ ಒಂದು ಫ್ಯಾನಿದೆ, ಮುಖದಲ್ಲಿ ಒಂದೇ ಒಂದು ಕಣ್ಣಿದೆ. ಇಷ್ಟು ಹೇಳಿದರೆ ನನ್ನ ಕಾಲದ ಮೇಷ್ಟ್ರುಗಳಿಗೆ ನಾನು ಯಾರೆಂದು ಗೊತ್ತಾಗಿಬಿಡುತ್ತದೆ. ಈಗಿನವರಿಗೆ ಬಿಡಿಸಿ ಹೇಳಬೇಕು. ನಾನು ಸ್ಲೈಡ್ ಪ್ರೊಜೆಕ್ಟರ್. ಬೆಂಕಿಪೊಟ್ಟಣದಷ್ಟು ಅಗಲದ ಚೌಕಟ್ಟಿನಲ್ಲಿ ಫಿಲಮಿನ ತುಂಡೊಂದನ್ನು ಕೂರಿಸಿ ನನ್ನೊಳಗೆ ಇಟ್ಟರೆ, ಗೋಡೆಯಗಲದ ಚಿತ್ರ ಮಾಡಿ ತೋರಿಸುವುದು ನನ್ನ ಕಸುಬು. ಚಿತ್ರವನ್ನು ತಲೆಕೆಳಗಾಗಿಯೇ ಇಡಬೇಕು, ನಾನು ಅದನ್ನು ನೆಟ್ಟಗೆ ನಿಲ್ಲಿಸುತ್ತೇನೆ. ಜಂಬ ಅಂದರೆ ಅನ್ನಿ, ಈ ವಿದ್ಯೆ ಎಲ್ಲರಿಗೂ ಬರುವುದಿಲ್ಲ.

ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ಹಸಿರು ಏಪ್ರನ್ ಕಟ್ಟಿದ್ದ ಹೆಂಗಸೊಬ್ಬಳು ನನ್ನ ಕಣ್ಣಿಗೆ ಬಾಯಿಯಿಂದ ಹಬೆ ಊದಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೆಟ್ಟಿಗೆ ಮುಚ್ಚಿದಳು. ಮತ್ತೆ ನಾನು ಬೆಳಕು ಕಂಡದ್ದು ಮಂಗಳೂರಿನಲ್ಲಿ. ಅಲ್ಲಿನ ಸಭೆಯ ಅಯ್ಯನವರಿಗೆ, ಅಂದರೆ ಚರ್ಚಿನ ಪಾದ್ರಿಗಳಿಗೆ, ಯಾರೋ ಹಳೆಯ ಸ್ನೇಹಿತರು ನನ್ನನ್ನು ಉಡುಗೊರೆಯಾಗಿ ಕಳಿಸಿದ್ದರು. ಅಯ್ಯನವರು ಒಳ್ಳೆಯವರೇ, ಆದರೆ ನನ್ನನ್ನು ಕಂಡರೆ ಹೆದರುತ್ತಿದ್ದರು. ಸ್ವಿಚ್ ಒತ್ತುವಾಗ ಒಂದು ಹೆಜ್ಜೆ ಹಿಂದೆ ಸರಿದು, ಕೈಯನ್ನು ಆದಷ್ಟು ಉದ್ದ ಮಾಡಿ ಒತ್ತುತ್ತಿದ್ದರು. ಭಾನುವಾರದ ಪಾಠಕ್ಕೆ ಬರುವ ಮಕ್ಕಳು ಮಾತ್ರ ಪರದೆಯ ಮೇಲೆ ಒಂಟೆ ಕಾಣಿಸಿದರೆ ಸಾಕು, ಕುಣಿದು ಕುಪ್ಪಳಿಸುತ್ತಿದ್ದರು. ಆರು ವರ್ಷ ಹೀಗೆ ಸುಖವಾಗಿ ಕಳೆಯಿತು. ಅಯ್ಯನವರಿಗೆ ವರ್ಗವಾದಾಗ ನನ್ನನ್ನು ಗುಡ್ಡದ ಮೇಲಿನ ಕಾಲೇಜಿಗೆ ಕೊಟ್ಟು ಹೋದರು.

ಆ ಕಾಲೇಜಿನಲ್ಲಿ ಒಂದು ವಿಚಿತ್ರ ವಿಭಾಗವಿತ್ತು. ಅಲ್ಲಿ ಎಂ.ಎ. ಓದುವವರು ಮೂರು ಕೆಲಸ ಕಲಿಯಬೇಕು: ಹಳೆಯ ಚಿತ್ರಗಳನ್ನು ಓದುವುದು, ಧರ್ಮಗ್ರಂಥಗಳನ್ನು ಓದುವುದು, ಪ್ರಾಚೀನ ಗ್ರೀಕ್ ಸಾಹಿತ್ಯವನ್ನು ಓದುವುದು. ಇದನ್ನೆಲ್ಲ ಕಲಿತು ಏನು ಮಾಡುತ್ತಾರೆಂದು ಊರವರು ಕೇಳುತ್ತಿದ್ದರು. ವಿಭಾಗದ ಮುಖ್ಯಸ್ಥ ಎಡ್ಮಂಡ್ ಕರ್ಕಡ ಸರ್ ಆ ಪ್ರಶ್ನೆಗೆ ಎಂದೂ ಉತ್ತರ ಕೊಟ್ಟವರಲ್ಲ. ಬೆಳ್ಳಿ ಕೂದಲು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಶುಂಠಿ ಪೆಪ್ಪರ್‌ಮಿಂಟು. ನನ್ನನ್ನು ಮುಟ್ಟುವ ಹಕ್ಕು ತಮಗೊಬ್ಬರಿಗೇ ಎಂದು ತಿಳಿದಿದ್ದರು. ಹೊಸ ಸ್ಲೈಡು ಬಂದರೆ ಅದರ ಮೂಲೆಯ ಅಂಚಿಗೆ, ಎರಡೂ ಮೈಗೆ ಕಾಣುವಂತೆ, ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಒಳಗೆ ಇಳಿಸಿದರೆ ಚಿತ್ರ ತಪ್ಪುವುದಿಲ್ಲ. ಹದಿನೈದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಇಂಥ ಕಡೆಗೆ ಬಂದಳು ಸುಗಂಧಿ ಮೆಂಡನ್. ಹೊಳೆಯಾಚೆಯ ಬೆಂಗ್ರೆಯವಳು. ಅಪ್ಪ ದೋಣಿಗಳ ಇಂಜಿನ್ ರಿಪೇರಿ ಮಾಡುವವರು. ಗೆಳತಿಯ ಅರ್ಜಿ ಕೊಡಲು ಜೊತೆಗೆ ಬಂದವಳು, ಸಾಲಿನಲ್ಲಿ ನಿಂತು ಬೇಜಾರಾಗಿ ತಾನೂ ಒಂದು ಅರ್ಜಿ ತುಂಬಿಸಿದಳು. ಗೆಳತಿಗೆ ಎರಡೇ ವಾರದಲ್ಲಿ ಗ್ರೀಕ್ ತಲೆನೋವಾಯಿತು, ಬೇರೆ ಕಡೆ ಹೋದಳು. ಇವಳು ಉಳಿದಳು. ಉಳಿದವಳು ಹೇಗೆ ಓದಿದಳೆಂದರೆ, ಲಾಂಚಿನಲ್ಲಿ ಹೊಳೆ ದಾಟುವಾಗಲೂ ಗ್ರೀಕ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದಳಂತೆ. ಲಾಂಚಿನವನು ಏನೋ ಮಂತ್ರ ಇರಬೇಕೆಂದು ತಿಳಿದು ಅವಳಿಗೆ ನೆರಳಿನ ಸೀಟು ಬಿಟ್ಟುಕೊಡುತ್ತಿದ್ದನಂತೆ.

ಸುಗಂಧಿ ಎಡಗೈಯವಳು. ಬರೆಯುವುದು, ಬಾಗಿಲು ತೆಗೆಯುವುದು, ಎಲ್ಲ ಎಡಗೈಯಲ್ಲೇ. ಊಟಕ್ಕೆ ಮಾತ್ರ ಬಲಗೈ, ಅದೂ ಚಿಕ್ಕಂದಿನಲ್ಲಿ ತಿಂದ ಪೆಟ್ಟಿನ ಫಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಎಡಗೈ ಚಾಚಿ ಬೈಸಿಕೊಂಡದ್ದು, ಮದುವೆ ಮನೆಯಲ್ಲಿ ಎಡಗೈಯಿಂದ ವೀಳ್ಯ ಕೊಟ್ಟಾಗ ಎಲ್ಲರೂ ಮೋರೆ ಸಿಂಡರಿಸಿದ್ದು, ಎಲ್ಲವನ್ನೂ ನಗುತ್ತಲೇ ಹೇಳುತ್ತಿದ್ದಳು. ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ ಎಂಬುದು ನನಗೆ ಕಾಣುತ್ತಿತ್ತು. ನನ್ನದು ಮೇಜಿನ ಎತ್ತರದ ನೋಟ, ಮುಖಕ್ಕಿಂತ ಕೈಗಳನ್ನೇ ಹೆಚ್ಚು ಕಂಡವನು ನಾನು.

ಆದ್ದರಿಂದ ಅವಳು ಪ್ರಬಂಧಕ್ಕೆ ಆರಿಸಿದ ವಿಷಯ ಬಲ ಮತ್ತು ಎಡ. ಗ್ರೀಕ್ ಕಾವ್ಯದಲ್ಲಿ ಹಕ್ಕಿ ಬಲಕ್ಕೆ ಹಾರಿದರೆ ಶುಭ, ಎಡಕ್ಕೆ ಹಾರಿದರೆ ಕೇಡು. ಎಡ ಎಂಬ ಮಾತನ್ನು ಆಡಲೂ ಅವರಿಗೆ ಹೆದರಿಕೆ. ಅದಕ್ಕೇ ಅದನ್ನು ‘ಒಳ್ಳೆಯ ಹೆಸರಿನದು’ ಎಂದು ಕರೆದರು. ಇದನ್ನು ಓದಿದ ದಿನ ಸುಗಂಧಿ ತುಂಬ ನಕ್ಕಳು. ನಾವೂ ಹಾಗೇ ಅಲ್ಲವೇ, ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅನ್ನದೆ ‘ಬರ್ತೇನೆ’ ಅನ್ನುತ್ತೇವಲ್ಲ ಎಂದು ಕರ್ಕಡ ಸರ್ ಹತ್ತಿರ ವಾದಿಸಿದಳು. ಸರ್ ಖುಷಿಯಾಗಿ ಅವಳಿಗೆ ಎರಡು ಪೆಪ್ಪರ್‌ಮಿಂಟು ಕೊಟ್ಟರು.

ಆ ವರ್ಷ ವಿಭಾಗಕ್ಕೆ ಒಂದೇ ಒಂದು ಸಂಶೋಧನೆಯ ಸೀಟು ಬಂತು. ಮೈಸೂರಿನಿಂದ ಪರೀಕ್ಷಕರು ಬಂದು ಸೆಮಿನಾರ್ ಕೇಳುತ್ತಾರೆ, ಮೆಚ್ಚಿದರೆ ಸುಗಂಧಿಗೆ ಸೀಟು, ಮೆಚ್ಚದಿದ್ದರೆ ಸೀಟು ಖಾಲಿ ಬೀಳುತ್ತದೆ. ಆಗ ಅವಳು ಬಂದರಿನ ಮಂಜುಗಡ್ಡೆ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟಾಗಿ ಕೂರಬೇಕು. ಅಪ್ಪ ಮಾತಾಡಿಯೂ ಆಗಿತ್ತು. ಅವಳಿಗೆ ಓದಬೇಕಿತ್ತು. ಅದನ್ನು ಯಾರಿಗೂ ಹೇಳದೆ ನನ್ನ ಎದುರು ಕೂತು ಹೇಳಿಕೊಂಡಿದ್ದಳು.

ಅದೇ ಹೊತ್ತಿಗೆ ಹೊಸ ಸ್ಲೈಡುಗಳ ಕಟ್ಟು ಬಂತು. ಅದರಲ್ಲಿ ಒಂದು, ಗ್ರೀಸಿನ ಹಳೆಯ ಚರ್ಚೊಂದರ ಗೋಡೆಯ ಚಿತ್ರ. ಕಥೆ ಧರ್ಮಗ್ರಂಥದ್ದು: ಕಣ್ಣು ಮಂಜಾದ ಅಜ್ಜನ ಮುಂದೆ ಇಬ್ಬರು ಮೊಮ್ಮಕ್ಕಳು. ಪದ್ಧತಿಯಂತೆ ಬಲಗೈ ದೊಡ್ಡವನ ತಲೆಗೆ ಹೋಗಬೇಕು. ಅಜ್ಜ ಬೇಕೆಂದೇ ಕೈಗಳನ್ನು ಅಡ್ಡ ಹಾಯಿಸಿ ಬಲಗೈಯನ್ನು ಚಿಕ್ಕವನ ತಲೆಯ ಮೇಲೆ, ಎಡಗೈಯನ್ನು ದೊಡ್ಡವನ ತಲೆಯ ಮೇಲೆ ಇಟ್ಟು, ಹೆಚ್ಚಿನ ಆಶೀರ್ವಾದವನ್ನು ಚಿಕ್ಕವನಿಗೆ ಕೊಡುತ್ತಾನೆ. ಕರ್ಕಡ ಸರ್ ಸ್ಲೈಡಿಗೆ ಚುಕ್ಕೆ ಇಟ್ಟರು. ಅಷ್ಟರಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳುವ ದಿನ ಬಂತು, ತಾವು ಅದನ್ನು ಪರದೆಯ ಮೇಲೆ ನೋಡದೆಯೇ ನನ್ನನ್ನು ಮೊದಲ ಬಾರಿಗೆ ಇನ್ನೊಬ್ಬರ ಕೈಗೆ ಒಪ್ಪಿಸಿದರು.

“ನೋಡು ಸುಗಂಧಿ, ಎರಡೇ ವಿಷಯ. ಚಿತ್ರ ತಲೆಕೆಳಗೆ ಇರ್ಬೇಕು, ಚುಕ್ಕೆ ಹೆಬ್ಬೆರಳಿನ ಅಡಿಗೆ ಬರ್ಬೇಕು. ಮತ್ತೆ ಎಂತದೂ ಇಲ್ಲ,” ಅಂದರು.

ಯಾವ ಹೆಬ್ಬೆರಳೆಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸುಗಂಧಿ ಗುರುಗಳ ಮಾತು ಚಾಚೂ ತಪ್ಪದೆ ಚಿತ್ರವನ್ನು ತಲೆಕೆಳಗೆ ಮಾಡಿ, ಚುಕ್ಕೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಒಳಗೆ ಇಳಿಸಿದಳು. ಎಡಗೈ ಹೆಬ್ಬೆರಳು. ಸ್ಲೈಡು ಬೆನ್ನು ತಿರುಗಿಸಿ ಒಳಗೆ ಬಂತು. ಫಿಲಮಿನ ಹೊಳೆಯುವ ಮೈ ದೀಪದ ಕಡೆಗಿರಬೇಕಿತ್ತು, ಮಂಕು ಮೈ ಬಂದು ಕೂತಿದೆ! ತಲೆಕೆಳಗಾದದ್ದನ್ನು ನೆಟ್ಟಗೆ ಮಾಡಬಲ್ಲೆ, ಹಿಂದುಮುಂದಾದದ್ದನ್ನು ಏನು ಮಾಡಲಿ? ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿ, ಬಲ ಎಡವಾಗಿ ಚಿತ್ರ ಪರದೆಗೆ ಹೋಯಿತು.

ಪರದೆಯಲ್ಲಿ ಅಜ್ಜನ ಎಡಗೈ ಚಿಕ್ಕವನ ತಲೆಯ ಮೇಲಿತ್ತು. ಸುಗಂಧಿ ಕೂತಲ್ಲಿಂದ ಎದ್ದು ನಿಂತಳು. ಗ್ರಂಥ ತೆಗೆದು ನೋಡಿದಳು, ಬಲಗೈ ಎಂದೇ ಇದೆ. ಮತ್ತೆ ಪರದೆ ನೋಡಿದಳು, ಎಡಗೈ. ಅಂದರೆ ಸಾವಿರ ವರ್ಷದ ಹಿಂದೆ ಒಬ್ಬ ಚಿತ್ರಕಾರ ಧರ್ಮಗ್ರಂಥದ ಮಾತನ್ನೇ ಬದಲಿಸಿ ಎಡಗೈಗೆ ದೊಡ್ಡ ಪಟ್ಟ ಕೊಟ್ಟಿದ್ದಾನೆ! ಅವಳು ತನ್ನ ಎಡಗೈಯನ್ನು ಎತ್ತಿ ನೋಡಿಕೊಂಡಳು, ಆಮೇಲೆ ಅಳುವೂ ನಗುವೂ ಒಟ್ಟಿಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ನನ್ನ ಸಂಕಟ ಯಾರಿಗೆ ಹೇಳಲಿ? ಒಂದೂವರೆ ತಿಂಗಳು ಪ್ರತಿ ಮಧ್ಯಾಹ್ನ ಅವಳು ಅದೇ ಸ್ಲೈಡನ್ನು ಅದೇ ರೀತಿ ಇಡುವುದು, ನಾನು ಅದೇ ಸುಳ್ಳನ್ನು ತೋರಿಸುವುದು. ಫ್ಯಾನನ್ನು ಗರಗರ ಅನ್ನಿಸಿದೆ. ಅವಳು ಎಣ್ಣೆ ಬಿಟ್ಟಳು. ಮೈ ಬಿಸಿ ಮಾಡಿಕೊಂಡೆ. ಅಯ್ಯೋ ಪಾಪ ಎಂದು ಹತ್ತು ನಿಮಿಷ ಆರಿಸಿ ಕೂತಳು. ಮನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಕರ್ಕಡ ಸರ್‌ಗೆ ಪ್ರಬಂಧ ಓದಿ ಹೇಳಿ ಬಂದಳು. ಸರ್ ಹಾಸಿಗೆಯಲ್ಲೇ ಎದ್ದು ಕೂತು ಶಹಬಾಸ್ ಅಂದರಂತೆ.

ಸೆಮಿನಾರಿನ ದಿನ ಬಂತು. ಮೈಸೂರಿನ ಪರೀಕ್ಷಕರು ಪ್ರೊಫೆಸರ್ ನಂಜಮ್ಮಣ್ಣಿ ಅರಸ್. ಗಂಭೀರ ಹೆಂಗಸು, ಮುಖದಲ್ಲಿ ನಗು ಹುಡುಕಬೇಕು. ಕರ್ಕಡ ಸರ್ ಹೊಸ ಕನ್ನಡಕ ಹಾಕಿಕೊಂಡು ಬಂದು ತಮ್ಮ ಹಳೆಯ ಜಾಗದಲ್ಲಿ, ನನ್ನ ಪಕ್ಕದಲ್ಲಿ ಕೂತರು. ಮಾತಾಡುವವರು ಪರದೆಯ ಹತ್ತಿರ ಕೋಲು ಹಿಡಿದು ನಿಲ್ಲಬೇಕು, ಯಂತ್ರ ನಡೆಸುವವರು ಸರ್. ಇದನ್ನು ಕಂಡದ್ದೇ ನನ್ನ ಜೀವ ಬಾಯಿಗೆ ಬಂತು. ಬಲ್ಬು ಸುಟ್ಟುಹೋಗಲಿ, ಕರೆಂಟು ಹೋಗಲಿ ಎಂದು ಹಾರೈಸಿದೆ. ಬೇಕಾದಾಗ ಯಾವುದೂ ಹೋಗುವುದಿಲ್ಲ.

ಸುಗಂಧಿ ಬಹಳ ಚೆನ್ನಾಗಿ ಮಾತಾಡಿದಳು. ಹಕ್ಕಿಗಳ ಶಕುನ, ಗ್ರೀಕರ ಹೆದರಿಕೆ, ಗ್ರಂಥದ ಬಲಗೈ, ಎಲ್ಲ ಮುಗಿಸಿ, ಈಗ ಈ ಅಜ್ಜನ ಎಡಗೈಯನ್ನು ನೋಡಿ ಎಂದು ಕೋಲು ಎತ್ತಿದಳು. ಕರ್ಕಡ ಸರ್ ಬಲಗೈ ಹೆಬ್ಬೆರಳಿನಲ್ಲಿ ಚುಕ್ಕೆ ಒತ್ತಿ ಸ್ಲೈಡು ಇಳಿಸಿದರು. ಪರದೆಯ ಮೇಲೆ ಚಿಕ್ಕವನ ತಲೆಯ ಮೇಲಿದ್ದದ್ದು ಬಲಗೈ.

ಸುಗಂಧಿ ಕೋಲು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು, ಸ್ಲೈಡು ತೆಗೆದು ತನ್ನ ಕೈಯಲ್ಲಿ ಮತ್ತೆ ಇಟ್ಟಳು. ಎಡಗೈ ಬಂತು. ಸರ್ ಕೈಯನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. ಸರ್ ತಗ್ಗಿದ ದನಿಯಲ್ಲಿ, ಸ್ಲೈಡಿನದೇ ತಪ್ಪು ಅಂತ ಹೇಳು ಮಗಾ, ಚೌಕಟ್ಟು ಕಟ್ಟಿದವರ ತಪ್ಪು ಅಂತ ಹೇಳು ಅಂದರು. ಹಾಗೆ ಹೇಳಿದ್ದರೆ ನಡೆದುಹೋಗುತ್ತಿತ್ತೇನೋ. ಅವಳು ಸ್ಲೈಡನ್ನು ಸರಿಯಾಗಿ ತಿರುಗಿಸಿ ಇಟ್ಟು ಪರದೆಯ ಹತ್ತಿರ ಹೋದಳು.

“ಮೇಡಂ, ನಾನು ಇಷ್ಟು ಹೊತ್ತು ಹೇಳಿದ್ದು ತಪ್ಪು. ಚಿತ್ರ ಬರೆದವ ಎಂತದೂ ಬದಲು ಮಾಡ್ಲಿಲ್ಲ. ಬದಲು ಮಾಡಿದ್ದು ನನ್ನ ಕೈ.”

ನಂಜಮ್ಮಣ್ಣಿ ಅರಸ್ ಕನ್ನಡಕ ತೆಗೆದು ಕೆಳಗಿಟ್ಟರು. “ಹಾಗಾದ್ರೆ ನಿನ್ನ ಪ್ರಬಂಧದಲ್ಲಿ ಏನು ಉಳೀತಮ್ಮ?”

ಸುಗಂಧಿ ಪರದೆಯ ಕಡೆಗೆ ತಿರುಗಿದಳು. ನೋಡಿದಳು, ನೋಡಿದಳು, ಎಷ್ಟು ಹೊತ್ತೋ ನೋಡಿದಳು. ನನ್ನ ಮೈ ಕಾಯತೊಡಗಿತು, ಸರ್ ಚಡಪಡಿಸಿದರು, ಅವಳು ಮಾತ್ರ ಅಲುಗಲಿಲ್ಲ. ಆಮೇಲೆ ಕೋಲನ್ನು ಎತ್ತಿ, ಚಿಕ್ಕವನನ್ನು ಬಿಟ್ಟು ದೊಡ್ಡವನ ತಲೆಯನ್ನು ತೋರಿಸಿದಳು.

“ಒಂದೂವರೆ ತಿಂಗಳು ನಾನು ಇವನನ್ನು ಸರಿ ನೋಡ್ಲೇ ಇಲ್ಲ ಮೇಡಂ. ಇವನು ಕಣ್ಣು ಮುಚ್ಚಿ ತಲೆಯನ್ನು ಅಜ್ಜನ ಅಂಗೈಗೆ ಒತ್ತಿದ್ದಾನೆ. ಬಲಗೈ ಸಿಕ್ಕಿದೆ, ಅದಕ್ಕೆ ಖುಷಿ ಅಂತ ಎಣಿಸಿದ್ದೆ. ಇವನಿಗೆ ಸಿಕ್ಕಿದ್ದು ಎಡಗೈ. ಆದ್ರೂ ಖುಷಿ ಉಂಟು. ಗ್ರಂಥದಲ್ಲಿಯೂ ದೊಡ್ಡವನನ್ನು ಬರಿಗೈಯಲ್ಲಿ ಕಳಿಸ್ಲಿಲ್ಲ, ಅವನಿಗೂ ಆಶೀರ್ವಾದ ಉಂಟು. ನಾವು ಓದುವವರು ಬಲಗೈ ಎಲ್ಲಿ ಹೋಯ್ತು ಅಂತ ಮಾತ್ರ ನೋಡ್ತೇವೆ. ಗ್ರೀಕರು ಎಡಕ್ಕೆ ಒಳ್ಳೆ ಹೆಸರು ಇಟ್ಟದ್ದು ಹೆದರಿ. ಈ ಚಿತ್ರ ಬರೆದವನಿಗೆ ಹೆದರಿಕೆ ಇರ್ಲಿಲ್ಲ.”

ಕರ್ಕಡ ಸರ್ ಹೊಸ ಕನ್ನಡಕದ ಕೆಳಗೆ ಕರವಸ್ತ್ರ ತೂರಿಸಿದರು, ಡಾಕ್ಟರು ಕಣ್ಣು ಉಜ್ಜಬಾರದು ಎಂದಿದ್ದರೂ. ನನಗಂತೂ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕೆನ್ನಿಸಿತು, ಕೈಗಳಿದ್ದಿದ್ದರೆ.

ನಂಜಮ್ಮಣ್ಣಿ ಅರಸ್ ಎದ್ದು ಪರದೆಯ ಹತ್ತಿರ ಹೋಗಿ ದೊಡ್ಡ ಹುಡುಗನ ಮುಖವನ್ನು ತಾವೇ ನೋಡಿದರು. ಈ ಚಿತ್ರವನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಈ ಮುಖವನ್ನು ನಾನೂ ನೋಡಿರಲಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಸುಗಂಧಿಯ ಕಡೆ ತಿರುಗಿ, “ಈ ತಪ್ಪನ್ನ ಮುಚ್ಚಿಡಬೇಡಮ್ಮ. ಮೊದಲ್ನೇ ಅಧ್ಯಾಯ ಇದೇ ಆಗ್ಲಿ,” ಅಂದರು. ಮೊದಲನೇ ಅಧ್ಯಾಯ ಇದ್ದರೆ ಉಳಿದವೂ ಇರಬೇಕಲ್ಲ, ಅಂದರೆ ಸೀಟು ಸಿಕ್ಕಿತೆಂದು ಸುಗಂಧಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಂಜುಗಡ್ಡೆ ಕಾರ್ಖಾನೆಯವರು ಬೇರೆ ಟೈಪಿಸ್ಟನ್ನು ಹುಡುಕಿಕೊಂಡರು.

ಈಗ ನನಗೆ ವಯಸ್ಸಾಯಿತು. ನನ್ನ ಅಳತೆಯ ಬಲ್ಬು ಎಲ್ಲೂ ಸಿಗುವುದಿಲ್ಲ. ಕ್ಲಾಸಿನ ಮಾಡಿನಿಂದ ತಲೆಕೆಳಗಾಗಿ ನೇತಾಡುವ ಬಿಳಿಯ ಡಬ್ಬವೊಂದು ನನ್ನ ಕೆಲಸ ಮಾಡುತ್ತದೆ. ಚಿತ್ರದ ಬದಲು ಯಂತ್ರವನ್ನೇ ತಲೆಕೆಳಗಾಗಿ ಕಟ್ಟಿದ್ದಾರೆ, ಇರಲಿ. ಕರ್ಕಡ ಸರ್ ತೀರಿಕೊಂಡು ಒಂಬತ್ತು ವರ್ಷವಾಯಿತು. ವಿಭಾಗದ ಮುಖ್ಯಸ್ಥೆ ಈಗ ಡಾಕ್ಟರ್ ಸುಗಂಧಿ ಮೆಂಡನ್. ಹೋದ ವರ್ಷ ಗುಜರಿಗೆ ಹಾಕುವ ಸಾಮಾನುಗಳ ಪಟ್ಟಿ ಅವಳ ಸಹಿಗೆ ಬಂದಾಗ, ಎರಡು ಮುರಿದ ಕುರ್ಚಿಗಳ ಕೆಳಗೆ ನನ್ನ ಹೆಸರಿತ್ತು. ಅವಳು ಅದನ್ನು ಹೊಡೆದುಹಾಕಿ, ನನ್ನನ್ನು ತನ್ನ ಕೋಣೆಯ ಕಿಟಕಿಯ ಪಕ್ಕಕ್ಕೆ ತರಿಸಿದಳು.

ಅಲ್ಲಿ ನನ್ನ ತಲೆಯ ಮೇಲೆ ಅವಳ ಊಟದ ಡಬ್ಬಿ ಕೂರುತ್ತದೆ. ಹೊಸ ವಿದ್ಯಾರ್ಥಿಗಳು ಇದೇನು ಮೇಡಂ ಎಂದು ಕೇಳಿದರೆ, ನನಗೆ ಒಂದೂವರೆ ತಿಂಗಳು ಸುಳ್ಳು ಹೇಳಿದ ಗಿರಾಕಿ ಇದು ಎಂದು ತೋರಿಸಿ ನಗುತ್ತಾಳೆ. ಇಟ್ಟದ್ದನ್ನು ತೋರಿಸಿದೆ ತಾಯಿ, ನನ್ನದೇನು ತಪ್ಪು! ಸಾವಿರಾರು ಚಿತ್ರ ನನ್ನೊಳಗಿಂದ ಹಾದುಹೋದವು. ತೋರಿಸುವುದು ನನಗೆ ಮೊದಲಿನಿಂದ ಗೊತ್ತಿತ್ತು, ನೋಡುವುದು ಎಂದರೇನೆಂದು ಆ ಒಂದು ಬೆಳಿಗ್ಗೆ ತಿಳಿಯಿತು. ಮಧ್ಯಾಹ್ನ ಊಟ ಮುಗಿಸಿ ಡಬ್ಬಿ ಎತ್ತಿಕೊಂಡ ಮೇಲೆ ಸುಗಂಧಿ, ಧೂಳು ಒರೆಸುವ ನೆಪದಲ್ಲಿ, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಡುತ್ತಾಳೆ. ಎಡಗೈ. ನಾನು ಕಣ್ಣು ಮುಚ್ಚಲಾರೆ, ಆದರೂ ಸುಮ್ಮನೆ ಆ ಅಂಗೈಗೆ ತಲೆಯೊಡ್ಡಿ ಕೂರುತ್ತೇನೆ.