ಶನಿವಾರ ವಾಪಸ್ ಕೊಡಬೇಕಾದ ಪಾತ್ರೆ

ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಮಗು ಹುಟ್ಟಿದರೆ ಆ ತಾಯಿ ಮೂರು ವಾರ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ದಿನಕ್ಕೊಬ್ಬರಂತೆ ಊಟ ತಲುಪಿಸುತ್ತೇವೆ. ಮಾಂಸ, ಬೀನ್ಸ್, ಮೇಲೆ ಗರಿಗರಿ ಆಲೂಗಡ್ಡೆ, ಎಲ್ಲವನ್ನೂ ಒಂದೇ ಗಾಜಿನ ಪಾತ್ರೆಗೆ ಹಾಕಿ ಬೇಯಿಸಿದ್ದು. ಮಿನೆಸೋಟದ ಚಳಿಗೆ ಅದೇ ಸರಿ. ಪಾತ್ರೆಯ ಅಡಿಯಲ್ಲಿ ಟೇಪು ಅಂಟಿಸಿ ನಮ್ಮ ಹೆಸರು ಬರೆದಿರುತ್ತೇವೆ. ಪ್ರೀತಿ ಎಷ್ಟೇ ಇರಲಿ, ಪಾತ್ರೆ ವಾಪಸ್ ಬರಬೇಕು ನೋಡಿ.

ನಾನು ಆರ್ಡಿಸ್. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಈ ಊಟಗಳ ಸರದಿ ಬರೆಯುವವಳೂ ನಾನೇ. ಕಳೆದ ಚಳಿಗಾಲ ಎದುರುಮನೆಯ ಮಾರಿಟ್ ಇಬ್ಬರು ಹುಡುಗಿಯರನ್ನು ಸಾಕಲು ಕರೆತಂದಳು. ಹೆತ್ತವರ ಬಳಿ ಸದ್ಯಕ್ಕೆ ಇರಲಾಗದೆ, ಸರ್ಕಾರದ ಮಕ್ಕಳ ಇಲಾಖೆ ಬೇರೆ ಮನೆಗೆ ಕಳಿಸಿದ ಅಕ್ಕತಂಗಿಯರು. ದೊಡ್ಡವಳು ಬ್ರಿಯೆಲ್‌ಗೆ ಒಂಬತ್ತು, ಚಿಕ್ಕವಳು ಟೆಸ್‌ಗೆ ನಾಲ್ಕು. ಆ ಮನೆಗೆ ಒಂದು ಪಾತ್ರೆಯೂ ಹೋಗಲಿಲ್ಲ. ಮಾರಿಟ್‌ಳ ಹೆಸರನ್ನು ಪಟ್ಟಿಗೆ ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಬುಧವಾರ ಬೆಳಿಗ್ಗೆ ಗೆಳತಿ ಲವಾನ್ ಕಾಫಿಗೆ ಬಂದಳು. ಅವಳು ನಿವೃತ್ತ ನರ್ಸು. ಹಿಂದೆ ತಾನೂ ಮೂರು ಮಕ್ಕಳನ್ನು ಹೀಗೆಯೇ ಸಾಕಿ, ಒಬ್ಬಳನ್ನು ದತ್ತು ತೆಗೆದುಕೊಂಡವಳು. ಬೂಟು ಬಿಚ್ಚುವ ಮೊದಲೇ ಶುರು ಮಾಡಿದಳು.

"ಮಾರಿಟ್ ಅಂಗಡಿ ಮುಂದೆ ಕಾರಲ್ಲಿ ಕೂತು ಅಳ್ತಿದ್ಲು ಕಣೇ. ಯಾರಿಗಾದ್ರೂ ಹೇಳ್ಲಾ ಅಂದೆ, ಹೇಳು ಅಂದ್ಲು. ಚಿಕ್ಕದು ನಿದ್ದೇನೇ ಮಾಡಲ್ವಂತೆ. ಗಂಡ ಲಾರಿ ತಗೊಂಡು ಹೋದ್ರೆ ಹತ್ತು ದಿನ ಪತ್ತೆ ಇಲ್ಲ. ಇವಳಿಗೆ ಸ್ನಾನ ಮಾಡೋಕೂ ಪುರುಸೊತ್ತಿಲ್ಲ. ನನ್ ಕೈಲಾಗಲ್ಲ ಅಂತ ಶುಕ್ರವಾರ ಮಕ್ಕಳ ಇಲಾಖೆಗೆ ಫೋನ್ ಮಾಡ್ತಾಳಂತೆ."

"ಮಾಡ್ಲಿ ಬಿಡು. ಬೇರೆ ಮನೆ ಸಿಗುತ್ತೆ."

"ಇಬ್ರಿಗೂ ಒಟ್ಟಿಗೆ ಸಿಗಲ್ಲ. ಅಕ್ಕ ಒಂದೂರಿಗೆ, ತಂಗಿ ಇನ್ನೊಂದೂರಿಗೆ."

ನಾನು ಕಾಫಿ ಬಗ್ಗಿಸುತ್ತ ಅಂದೆ, "ಅದಕ್ಕೆ ನಾನೇನ್ ಮಾಡ್ಲಿ? ಇವತ್ತಿರ್ತವೆ, ನಾಳೆ ಹೋಗ್ತವೆ. ಸುಮ್ನೆ ಹಚ್ಕೊಂಡು ಆಮೇಲೆ ಸಂಕಟಪಡೋದ್ಯಾಕೆ?"

"ಪಕ್ಕದ ಬೀದಿ ಕಾರ್ಲಿಸ್ ಮಗಳಿಗೆ ಅವಳಿ ಆದಾಗ ಎಷ್ಟು ಪಾತ್ರೆ ಹೋಯ್ತು?"

"ಇಪ್ಪತ್ತೊಂದು."

"ಮಾರಿಟ್ ಮನೆಗೂ ಎರಡು ಮಕ್ಕಳು ಬಂದಿವೆ. ಹೆತ್ತವಳಿಗೆ ತಯಾರಾಗೋಕೆ ಒಂಬತ್ತು ತಿಂಗಳಿತ್ತು. ಇವಳಿಗೆ ಎರಡು ಗಂಟೆ ಮುಂಚೆ ಫೋನ್ ಬಂತು. ಯಾರಿಗೆ ಊಟ ಬೇಕಿತ್ತು, ನೀನೇ ಹೇಳು."

ನಾನು ಎದ್ದು ಆಲೂಗಡ್ಡೆ ಹೊರತೆಗೆದೆ. ನನ್ನ ಮನಸ್ಸು ಬದಲಾಯಿಸುವುದು ಸುಲಭವಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ.

ಸಂಜೆ ಪಾತ್ರೆ ಹಿಡಿದು ರಸ್ತೆ ದಾಟುವಾಗ ಲವಾನ್ ಜೊತೆಗೇ ಬಂದಳು. ಹಿಮದಲ್ಲಿ ಜಾರದಂತೆ ನನ್ನ ತೋಳು ಹಿಡಿದುಕೊಂಡು ಪಾಠವನ್ನೂ ಮಾಡಿದಳು.

"ಅಮ್ಮ ಎಲ್ಲಿ, ಏನಾಯ್ತು ಅಂತ ಕೆದಕಬೇಡ. ಮುದ್ದಾಗಿದಾವೆ ಅಂತ ಫೋಟೋ ತೆಗೆದು ಊರಿಗೆಲ್ಲ ಕಳಿಸ್ಬೇಡ. ಮಾರಿಟ್, ನೀನು ಪುಣ್ಯವಂತೆ ಅಂತ ಮಕ್ಕಳೆದುರು ಹೊಗಳ್ಬೇಡ. ನಾವು ಹೊರೆ ಅಂದ್ಕೋತವೆ."

"ಮತ್ತೆ ಮಾತಾಡೋದಾದ್ರೂ ಏನನ್ನ?"

"ಊಟ ಬಿಸಿ ಇದೆ ಅನ್ನು. ಸಾಕು."

ಬಾಗಿಲು ತೆರೆದ ಮಾರಿಟ್‌ಳ ಕಣ್ಣು ಕೆಂಪಾಗಿತ್ತು. ಲವಾನ್ ಹೇಳಿಕೊಟ್ಟಂತೆಯೇ ನಾನು, "ಊಟ ಬಿಸಿ ಇದೆ" ಅಂದೆ. ಊಟ ಮುಗಿದ ಮೇಲೆ ಬ್ರಿಯೆಲ್ ಯಾರೂ ಹೇಳದೆಯೇ ಪಾತ್ರೆ ತೊಳೆಯಲು ನಿಂತಳು. ತಿರುಗಿಸಿ ನೋಡಿ ಕೇಳಿದಳು.

"ಅಜ್ಜಿ, ಇದ್ರಲ್ಲಿ ನಿಮ್ಮ ಹೆಸರಿದೆ. ವಾಪಸ್ ಕೊಡ್ಬೇಕಾ?"

"ಹೂಂ ಮತ್ತೆ. ಶನಿವಾರ ತಂದ್ಕೊಡು. ಅವಸರ ಏನಿಲ್ಲ."

ಅವಳು ಮಾರಿಟ್ ಕಡೆ ತಿರುಗಿದಳು. "ಶನಿವಾರ ನಾವಿಬ್ರೂ ಇಲ್ಲೇ ಇರ್ತೀವಾ?"

ಮಾರಿಟ್ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಟೆಸ್ ಅಕ್ಕನ ಅಂಗಿಯ ತುದಿ ಹಿಡಿದುಕೊಂಡಳು. ಆರು ವಾರ ಎದುರಿಗೇ ಇದ್ದು ನಾನು ಮಾಡಿದ್ದೇನು? ಪರದೆ ಸರಿಸಿ ನೋಡಿದ್ದಷ್ಟೇ.

"ಮಾರಿಟ್, ಮೇಲೆ ಹೋಗಿ ಮಲಕ್ಕೋ" ಅಂದೆ. "ನಾವಿಬ್ರು ಮುದುಕಿಯರು ಇಲ್ಲೇ ಕೂತಿರ್ತೀವಿ. ಬೇಕಾದ್ರೆ ಕರೀತೀವಿ."

"ಬೇಡ ಆಂಟಿ, ನಿಮಗ್ಯಾಕೆ ತೊಂದ್ರೆ..."

"ಮನೇಲಿ ನನ್ನ ಗಂಡನ ಗೊರಕೆ ಕೇಳೋದಕ್ಕಿಂತ ಇದು ವಾಸಿ. ಹೋಗು."

ಆರು ವಾರದಿಂದ ನಗದ ಮಾರಿಟ್ ನಕ್ಕಳು. ಎರಡು ಗಂಟೆ ಮಲಗಿದಳು.

ಮರುದಿನ ನಾನು ಸರದಿಯ ಪಟ್ಟಿ ಬರೆದೆ. ಊಟಕ್ಕೆ ಒಂಬತ್ತು ಮನೆಯವರು ಒಪ್ಪಿದರು. ಮಾರಿಟ್ ಮನೆ ಬಾಗಿಲ ಮುಂದಿನ ಹಿಮ ತೆಗೆಯುವ ಕೆಲಸವನ್ನು ನನ್ನ ಗಂಡ ಗುನ್ನಾರ್ ವಹಿಸಿಕೊಂಡ. ಕಾರ್ಲಿಸ್ ತನ್ನ ಮೊಮ್ಮಗಳ ಹಳೆಯ ಬೂಟುಗಳನ್ನು ಒರೆಸಿ ತಂದಳು. ಶುಕ್ರವಾರ ಮಾರಿಟ್ ಮಕ್ಕಳ ಇಲಾಖೆಗೆ ಫೋನ್ ಮಾಡಿದ್ದು ನಿಜ. ಆದರೆ ಅವಳು ಕೇಳಿದ್ದು, ವಾರಕ್ಕೊಂದು ಸಂಜೆ ನೆರೆಯವರು ಮಕ್ಕಳನ್ನು ನೋಡಿಕೊಳ್ಳಬೇಕಾದರೆ ಏನೇನು ಕಾಗದಪತ್ರ ಬೇಕು ಎಂದು.

ಶನಿವಾರ ಬಾಗಿಲು ಬಡಿದ ಸದ್ದಾಯಿತು. ಅಕ್ಕತಂಗಿ ಇಬ್ಬರೂ ನಿಂತಿದ್ದರು. ಪಾತ್ರೆ ಫಳಫಳ ಹೊಳೆಯುತ್ತಿತ್ತು. ನಾನು ಕೈಚಾಚಿದೆ, ಬ್ರಿಯೆಲ್ ಬಿಡಲಿಲ್ಲ.

"ಅಜ್ಜಿ, ಇನ್ನೊಂದ್ಸಲ ಮಾಡ್ಕೊಡ್ತೀರಾ? ಅದನ್ನೂ ನಾನೇ ವಾಪಸ್ ತಂದ್ಕೊಡ್ತೀನಿ."

ಈ ಮಕ್ಕಳು ಒಂದು ದಿನ ತಮ್ಮ ಅಮ್ಮನ ಬಳಿಗೆ ಹೋಗಬಹುದು, ಇಲ್ಲವೇ ಮಾರಿಟ್ ಅವರನ್ನು ದತ್ತು ತೆಗೆದುಕೊಳ್ಳಬಹುದು. ಅವರು ಹೋದರೆ ನಾನು ಅಳುತ್ತೇನೆ. ಅಳುವುದು ನನಗಿರಲಿ, ಮಕ್ಕಳಿಗೆ ಬೇಡ.

ನಿಮ್ಮ ಬೀದಿಯಲ್ಲೂ ಮಕ್ಕಳನ್ನು ಸಾಕಲು ಕರೆತಂದ, ದತ್ತು ತೆಗೆದುಕೊಂಡ ಮನೆಯೊಂದು ಇರಬಹುದು. ಕಥೆ ಕೇಳಲು ಹೋಗಬೇಡಿ, ಊಟ ತೆಗೆದುಕೊಂಡು ಹೋಗಿ. "ಏನಾದ್ರೂ ಬೇಕಿದ್ರೆ ಹೇಳಿ" ಎಂದು ಹೇಳಿ ಜಾರಿಕೊಳ್ಳಬೇಡಿ. "ಗುರುವಾರ ಸಂಜೆ ಬರ್ತೀನಿ" ಎನ್ನಿ, ಹೇಳಿದಂತೆ ಹೋಗಿ. ಮೊದಲ ವಾರ ಮಾತ್ರವಲ್ಲ, ಆರನೇ ತಿಂಗಳೂ ಹೋಗಿ. ಪಾತ್ರೆಯ ಅಡಿಯಲ್ಲಿ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿ. ಅದನ್ನು ನಿಮಗೆ ಹಿಂದಿರುಗಿಸಲಿಕ್ಕಾದರೂ ಒಂದು ಮಗು ಮುಂದಿನ ಶನಿವಾರವೂ ಆ ಮನೆಯಲ್ಲೇ ಇರಬೇಕು.