ಸೀರಿಯಂ ಬಕೆಟ್ಟು

ಮೂಗಿ ನಲ್ಲಿಯ ಕೆಳಗೆ ಲೆನ್ಸು ಉಜ್ಜುವ ಫೆಲ್ಟ್ ಬಟ್ಟೆಯ ಬಿಲ್ಲೆಗಳನ್ನು ಒಂದೊಂದಾಗಿ ಹಿಡಿದು, ಗುಲಾಬಿ ನೀರು ತಿಳಿಯಾಗುವ ತನಕ ಹೆಬ್ಬೆರಳಿನಿಂದ ಒತ್ತಿ ತೊಳೆಯುತ್ತಿದ್ದಳು. ‘ಮೂಗಿ’ ಎಂಬುದು ಮಾತು ಕಡಿಮೆಯೆಂದು ಮನೆಯವರೇ ಇಟ್ಟ ಹೆಸರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಂದಿನಿಂದ ಅಪ್ಪನ ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕದ ಲೆನ್ಸುಗಳಿಗೆ ಹೊಳಪು ಕೊಡುತ್ತಿದ್ದಳು.

ಹೊಳಪು ಬಕೆಟ್ಟಿನ ನೀರಿನಲ್ಲಿ ಕಲಸಿದ ಸೀರಿಯಂ ಪುಡಿಯದು. ಅಪ್ಪನಿಗೆ ಅದು ಬರೀ ‘ಗುಲಾಬಿ ಹಿಟ್ಟು’. ಪುಡಿ ತರುವವನನ್ನು ಕೇಳಿ ತಿಳಿದುಕೊಂಡವಳು ಅವಳೊಬ್ಬಳೇ: ಅಪರೂಪದ ಲೋಹವೆಂಬ ಬಿರುದಿದ್ದರೂ ನೆಲದಲ್ಲಿ ತಾಮ್ರದಷ್ಟೇ ಇದೆಯಂತೆ, ಹೆಸರು ಅದನ್ನು ಕಂಡುಹಿಡಿದ ಕಾಲಕ್ಕೆ ಆಗಷ್ಟೇ ಕಣ್ಣಿಗೆ ಬಿದ್ದಿದ್ದ ಒಂದು ಪುಟ್ಟ ಗ್ರಹದ್ದಂತೆ, ಲೈಟರಿನ ಕಲ್ಲಿನಲ್ಲಿ ಕಿಡಿ ಹಾರಿಸುವುದೂ ಅದೇ ಅಂತೆ.

“ನೋಡ್ರಪ್ಪಾ, ಏಳನೇ ಕ್ಲಾಸಿನ ವಿಜ್ಞಾನಿ!” ಎಂದು ಅಣ್ಣ ಊಟದ ಹೊತ್ತಿಗೆ ನಕ್ಕಿದ್ದ.

ಅಣ್ಣನದು ಪಕ್ಕದ ಕೋಣೆ. ಅಲ್ಲಿ ಒರಟು ಕಪ್ಪು ಮರಳಿನಿಂದ ಗಾಜು ಉಜ್ಜುವ ಕೆಲಸ. ಆ ಕೈ ಸೀರಿಯಂ ಬಕೆಟ್ಟಿನ ಹತ್ತಿರ ಸುಳಿಯಬಾರದು. ಒಂದು ಹರಳು ಬಿದ್ದರೂ ಲೆನ್ಸಿಗೆ ಗೀರು. ಅದು ಮನೆಯ ಕಟ್ಟಳೆ.

ಅಂದು ಮಧ್ಯಾಹ್ನ ಅಪ್ಪ ದೀಪಕ್ಕೆ ಹಿಡಿದ ನಲವತ್ತು ಲೆನ್ಸಿನಲ್ಲೂ ಗೀರು.

ಮೂಗಿ ಬಕೆಟ್ಟನ್ನು ಬಗ್ಗಿಸಿದಳು. ತಳದಲ್ಲಿ ಕಪ್ಪು ಮರಳು. ಅಣ್ಣನ ಕಡೆ ನೋಡಿದಳು. ಅವನ ಅಂಗಿಯ ತೋಳಿನಂಚಿನಲ್ಲಿ ಗುಲಾಬಿ ಕಲೆ ಒಣಗಿತ್ತು. ನಿನ್ನೆ ಸಂಜೆ ಅವಳು ಹಾಲು ತರಲು ಹೋದಾಗ, ನಲ್ಲಿಯವರೆಗೆ ನಡೆಯಲಾರದ ಸೋಮಾರಿ ಈ ಬಕೆಟ್ಟಿನಲ್ಲೇ ಕೈ ತೊಳೆದಿದ್ದಾನೆ. ಆಗ ಬಕೆಟ್ಟಿನ ಎದುರಿಗೇ ಕೂತು ಲೆನ್ಸುಗಳಿಗೆ ಕಾಗದ ಸುತ್ತುತ್ತಿದ್ದವಳು ಅಮ್ಮ.

“ಕಣ್ಣು ಎಲ್ಲಿಟ್ಟಿದ್ದೆ?” ಅಪ್ಪ ಗುಡುಗಿದ. “ಗ್ರಹ, ನಕ್ಷತ್ರ ಎಣಿಸ್ತಾ ಕೂತಿದ್ಯಾ? ಸಾಕು. ನಾಳೆಯಿಂದ ಈ ಮೇಜಿಗೆ ಬೇರೆಯವರು ಬರ್ತಾರೆ. ನೀನು ಅಡುಗೆಮನೆ ನೋಡ್ಕೊ.”

“ಅಪ್ಪಾ, ನಾನಲ್ಲ. ಅಣ್ಣ ಕೈ…”

“ಅಯ್ಯೋ, ಮೂಗಿಗೂ ಬಾಯಿ ಬಂತು!” ಅಣ್ಣ ಕಲೆಯಿದ್ದ ತೋಳಿನಂಚು ಮಡಚಿಕೊಂಡ. “ತಪ್ಪು ಮಾಡಿ ನನ್ನ ತಲೆ ಮೇಲೆ ಗೂಬೆ ಕೂರಿಸ್ತಾಳೆ. ಅವತ್ತೇ ಹೇಳ್ದೆ, ಇವಳಿಗೆ ಸಲಿಗೆ ಜಾಸ್ತಿ ಆಯ್ತು ಅಂತ.”

ಆ ಮೇಜೊಂದೇ ಈ ಮನೆಯಲ್ಲಿ ಅವಳದು ಎನ್ನುವಂಥದ್ದು. ಅಲ್ಲೇ ಕಾಗದ ಸುತ್ತುತ್ತಿದ್ದ ಅಮ್ಮನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅಮ್ಮ ಒಮ್ಮೆ ಮಗನ ಮುಖ ನೋಡಿದಳು. ಆಮೇಲೆ ಇನ್ನೊಂದು ಕಾಗದ ಎತ್ತಿಕೊಂಡು, ಗೀರು ಬಿದ್ದ ಲೆನ್ಸಿಗೇ ಸುತ್ತತೊಡಗಿದಳು.

“ಅಮ್ಮಾ, ನಿನ್ನೆ ನೀನು ನೋಡಿದ್ದನ್ನ ಅಪ್ಪಂಗೆ ಹೇಳು.”